ಯಾವ ಹೊಸ ವರ್ಷ?

ಪ್ರತಿ ಜನವರಿಯ ಮೊದಲ ವಾರ ನಮ್ಮ ಓಣಿಯ ಕಿರಾಣಿ ಅಂಗಡಿಯವರು ರಬ್ಬರ್ ಹಾಕಿದ ಕ್ಯಾಲೆಂಡರಿನ ಸುರುಳಿಯೊಂದನ್ನು ಸಕ್ಕರೆ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿ, "ಹೊಸ ವರ್ಷ ಬಂತ್ರಿ, ಟೀಚರ್" ಅನ್ನುತ್ತಾರೆ. ನಾನು "ಯಾವುದ್ರಿ?" ಅಂದುಬಿಡುತ್ತೇನೆ. ಬೇಕೆಂದು ಅನ್ನುವುದಲ್ಲ, ಬಾಯಿಂದ ತಾನೇ ಬರುತ್ತದೆ. ಸುರಪುರದಲ್ಲಿ ಇಷ್ಟು ವರ್ಷ ಇದ್ದರೂ ಸೊಕ್ಕಿನವಳು ಎಂಬ ಹೆಸರು ನನ್ನಿಂದ ಹೋಗದಿರುವುದಕ್ಕೆ ಈ ಮಾತೂ ಒಂದು ಕಾರಣ. ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಅರ್ಧ ನಿಜ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಬಾಗಿಲ ಮೇಲೆ "ಶರಣಮ್ಮ, ಬಿ.ಕಾಂ." ಎಂದು ಬೋರ್ಡು ಹಾಕಿಸಿದ್ದೇನೆ. ಈ ಕಾಲದಲ್ಲಿ ಬಿ.ಕಾಂ.ಗೆ ಯಾರಾದರೂ ಬೋರ್ಡು ಹಾಕುತ್ತಾರೆಯೇ ಎಂದು ನಗುವವರು ನಗಲಿ. ಆ ಎರಡು ಅಕ್ಷರಕ್ಕೆ ನಮ್ಮ ಮನೆಯವರು ಎಷ್ಟು ಬುಟ್ಟಿ ಮಣ್ಣು ಹೊತ್ತಿದ್ದಾರೆ ಎಂದು ಅವರಿಗೆ ಗೊತ್ತಿಲ್ಲ.

ಮಣ್ಣು ಅಂದದ್ದು ಮಾತಿಗಲ್ಲ. ನಮ್ಮ ಸೀಮೆಗೆ ಕೆನಾಲು ಬರುವಾಗ ಅಪ್ಪ, ಅವ್ವ ಇಬ್ಬರೂ ಅದನ್ನು ಅಗೆಯಲು ಹೋದವರು. ಮಧ್ಯಾಹ್ನ ಬಂಡೆ ಸಿಡಿಸುವ ಮುಂಚೆ ಸೀಟಿ ಊದುತ್ತಿದ್ದರು. ಎಲ್ಲರೂ ಬುಟ್ಟಿ ಸಲಿಕೆ ಬಿಟ್ಟು ಓಡುತ್ತಿದ್ದರು. ಅವ್ವ ಮಾತ್ರ ಹಿಂದಕ್ಕೆ ಹೋಗಿ ರೊಟ್ಟಿಯ ಗಂಟು ಎತ್ತಿಕೊಂಡು ಓಡುತ್ತಿದ್ದಳು. ಕಲ್ಲು ಬಿದ್ದರೆ ಬೀಳಬಹುದು, ಬೀಳದೆಯೂ ಇರಬಹುದು, ರೊಟ್ಟಿ ಮಾತ್ರ ಮಣ್ಣಾಗುವುದು ಖಂಡಿತ ಎಂಬುದು ಅವಳ ಲೆಕ್ಕ. ನಾನು ಯಾದಗಿರಿಯ ಹಾಸ್ಟೆಲಿನಲ್ಲಿ ಕುಳಿತು ಡೆಬಿಟ್ಟು ಯಾವ ಕಡೆ, ಕ್ರೆಡಿಟ್ಟು ಯಾವ ಕಡೆ ಎಂದು ಬಾಯಿಪಾಠ ಮಾಡಿದ್ದು ಆ ಕೂಲಿಯಲ್ಲಿ. ಊರಿಗೆ ಹೋದಾಗ ಅವ್ವನ ತಲೆ ಬಾಚಿದರೆ ಬಾಚಣಿಕೆಯಲ್ಲಿ ಎರೆಮಣ್ಣು ಬರುತ್ತಿತ್ತು.

ಅಗೆಯುವುದು ಮುಗಿದು ನೀರು ಬಂದ ಮೇಲೆ ಅಪ್ಪನಿಗೆ ಇಲಾಖೆಯಲ್ಲಿ ಲಸ್ಕರ್ ಕೆಲಸ ಸಿಕ್ಕಿತು. ಲಸ್ಕರ್ ಅಂದರೆ ದೊಡ್ಡದೇನಲ್ಲ, ಕೆನಾಲಿನ ತೂಬಿನ ಗೇಟು ಎತ್ತುವುದು, ಇಳಿಸುವುದು. ವನದುರ್ಗದ ಸುತ್ತ ಅವನು ಗೇಟ್ ಸಾಬಣ್ಣ ಆದ. ಸೆಕ್ಷನ್ ಆಫೀಸಿನಿಂದ ಚೀಟಿ ಬರುತ್ತಿತ್ತು. ಗೇಟು ಎಷ್ಟು ಇಂಚು ಎತ್ತಬೇಕು, ಎಷ್ಟು ದಿನ ಬಿಡಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಅಪ್ಪನಿಗೆ ಓದಲು ಬಾರದು. ಆದ್ದರಿಂದ ಒಂದು ಚೀಟಿಯನ್ನು ಇಬ್ಬರಿಂದ ಓದಿಸುತ್ತಿದ್ದ. ಇಬ್ಬರ ಓದೂ ಒಂದಕ್ಕೊಂದು ಕೂಡಿದರೆ ಮಾತ್ರ ಗೇಟಿನ ಹ್ಯಾಂಡಲ್ ಹಿಡಿಯುತ್ತಿದ್ದ. ನಾನು ರಜೆಗೆ ಹೋದರೆ ಮೊದಲ ಓದು ನನ್ನದು. ಬಿ.ಕಾಂ. ಓದುವ ಮಗಳ ಓದನ್ನು ದಾರಿಯಲ್ಲಿ ಹೋಗುವ ಕುರಿಕಾಯುವವನ ಓದಿನ ಜೊತೆ ತಾಳೆ ನೋಡುತ್ತಾನಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಅದರ ಜೊತೆ ಒಂದು ರಿಜಿಸ್ಟರೂ ಇತ್ತು. ಗೇಟು ಎತ್ತಿದ್ದನ್ನು ಬರೆಯುವುದು ಸರಿ. ಅಪ್ಪ ಎತ್ತದ್ದನ್ನೂ ಬರೆಸುತ್ತಿದ್ದ. "ಇಂದು ಚೀಟಿ ಬಂದಿಲ್ಲ. ಗೇಟು ಎತ್ತಿಲ್ಲ" ಎಂದು ನಾನು ಬರೆದರೆ ಅದರ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಮಾಡದ ಕೆಲಸಕ್ಕೂ ಸಾಕ್ಷಿ ಬೇಕೇ ಎಂದು ಕೇಳಿದರೆ, ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತದೆ, ಮಾಡದ್ದು ಯಾರಿಗೆ ಕಾಣುತ್ತದೆ ಅನ್ನುತ್ತಿದ್ದ. ಒಂದು ವರ್ಷ ನಮ್ಮದೇ ಒಂದೂವರೆ ಎಕರೆಯ ಶೇಂಗಾ ಬಾಡಿ ನಿಂತಿತ್ತು. ನಮ್ಮ ಹೊಲ ಇರುವುದು ಕಾಲುವೆಯ ತುದಿಗೆ. ಎರಡೇ ತಿರುವು ತಿರುಗಿಸು ಎಂದು ಅವ್ವ ಕೇಳಿಕೊಂಡಳು. ಅಪ್ಪ ಗೇಟಿನ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದಿದ, ಎದ್ದೇಳಲಿಲ್ಲ. ಅವ್ವ ಹದಿನೈದು ದಿನ ಅವನ ಜೊತೆ ಮಾತು ಬಿಟ್ಟಳು. ನಾನು ಅವ್ವನ ಪರ. ಇಂಥ ಮನುಷ್ಯನ ಹೊಟ್ಟೆಯಲ್ಲಿ ಯಾಕಾದರೂ ಹುಟ್ಟಿದೆನೋ ಎಂದು ಆಗ ಅನ್ನಿಸಿತ್ತು.

ಮುಂದೆ ನನಗೆ ಯಾದಗಿರಿಯ ಬ್ಯಾಂಕೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಮೊದಲ ಸಲ ಸಂಬಳದಲ್ಲಿ ಆದಾಯ ತೆರಿಗೆ ಕಡಿದಾಗ ನಾನು ಊರಿಗೆ ಹೋಗಿ ಹೇಳಿಕೊಂಡು ತಿರುಗಿದೆ. ಸರ್ಕಾರ ಕೈ ಹಾಕುವಷ್ಟು ಗಳಿಸಿದವರು ನಮ್ಮಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಎರಡನೆಯ ಸಲ ಕಡಿದಾಗ ಹೇಳಿಕೊಳ್ಳಲಿಲ್ಲ. ಮೂರನೆಯ ಸಲ ತೆರಿಗೆಯ ಪುಸ್ತಕ ಕೊಂಡು ಓದಿದೆ.

ಆಗ ಅಂಚೆ ಕಚೇರಿಯಲ್ಲಿ ಒಂದು ಉಳಿತಾಯ ಯೋಜನೆ ಇತ್ತು. ಅದರ ಗುಟ್ಟು ಇಷ್ಟೇ. ದುಡ್ಡು ಇಟ್ಟ ವರ್ಷ ಆ ದುಡ್ಡಿಗೆ ತೆರಿಗೆ ಇಲ್ಲ. ಆದರೆ ತೆಗೆದ ವರ್ಷ, ತೆಗೆದಷ್ಟೂ, ಅಸಲೂ ಬಡ್ಡಿಯೂ ಸೇರಿ, ಆ ವರ್ಷದ ಗಳಿಕೆ ಎಂದೇ ಲೆಕ್ಕ. ತೆರಿಗೆ ಮಾಫಿ ಆಗಲಿಲ್ಲ, ಮುಂದಕ್ಕೆ ಹೋಯಿತು. ಸಂಬಳ ಬರುವ ವರ್ಷ ಅದನ್ನು ತೆಗೆದರೆ ಸಂಬಳದ ಮೇಲೆ ಅದು ಕೂತು ತೆರಿಗೆಯ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಸಂಬಳವೇ ಇಲ್ಲದ ವರ್ಷ ಸ್ವಲ್ಪ ಸ್ವಲ್ಪ ತೆಗೆದರೆ ಮೊದಲ ಮೆಟ್ಟಿಲನ್ನೂ ಮುಟ್ಟುವುದಿಲ್ಲ. ನಾನು ಶಹಾಪುರದ ಅಂಚೆ ಕಚೇರಿಯಲ್ಲಿ, ಊರಿಗೆ ಹತ್ತಿರ ಎಂದು, ಖಾತೆ ತೆಗೆದು ಯೋಜನೆ ಇದ್ದಷ್ಟು ವರ್ಷವೂ ಅದರಲ್ಲಿ ಇಟ್ಟೆ. ನಂತರ ಮುಟ್ಟಲಿಲ್ಲ. ಮದುವೆಗೆ ಬೇಕಾಗುತ್ತದೆ ಎಂದು ಅವ್ವ ಅನ್ನುತ್ತಿದ್ದಳು. ಮದುವೆಗೆ ಬೇಕಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ.

ನಲವತ್ತು ದಾಟಿದ ಮೇಲೆ ಒಂದು ವರ್ಷ ಬ್ಯಾಂಕು ಸ್ವಯಂ ನಿವೃತ್ತಿಯ ಯೋಜನೆ ತಂದಿತು. ಹೋಗುವವರಿಗೆ ದುಡ್ಡು ಕೊಟ್ಟು ಕಳಿಸುವುದು. ನಾನು ಅರ್ಜಿ ಹಾಕಿದೆ. ಸುರಪುರದ ಕಡೆಯ ಹಳ್ಳಿಗಳ ಹುಡುಗಿಯರು ಕಾಲೇಜಿಗೆ ಬಂದು ಲೆಕ್ಕಶಾಸ್ತ್ರದಲ್ಲಿ ನಪಾಸಾಗಿ ಮನೆಗೆ ಹೋಗಿ ಕೂರುವುದನ್ನು ನೋಡಿದ್ದೆ. ನಾನೂ ಒಮ್ಮೆ ನಪಾಸಾದವಳೇ. ರಂಗಂಪೇಟೆಯ ರಸ್ತೆಯಲ್ಲಿ ಎರಡು ಕೋಣೆ ಹಿಡಿದು ಅವರಿಗೆ ಲೆಕ್ಕ, ಟೈಪು, ಸಾಧ್ಯವಾದರೆ ಕಂಪ್ಯೂಟರ್ ಕಲಿಸುವುದು ನನ್ನ ಆಸೆ. ಬ್ಯಾಂಕು ಕೊಡುವ ದುಡ್ಡು ನನ್ನ ಮುಂದಿನ ಊಟಕ್ಕೆ, ಅದನ್ನು ಮುಟ್ಟುವಂತಿಲ್ಲ. ಕೋಣೆ, ಮಷೀನು, ಬೆಂಚು ಎಲ್ಲ ಅಂಚೆ ಕಚೇರಿಯ ದುಡ್ಡಿನಲ್ಲಿ ಆಗಬೇಕು. ಮೂರು ಭಾಗ ಮಾಡಿ, ಮೂರು ವರ್ಷ, ವರ್ಷಕ್ಕೊಂದು ಭಾಗ ತೆಗೆದರೆ ತೆರಿಗೆ ಒಂದು ರೂಪಾಯಿಯೂ ಇಲ್ಲ. ಅದೇ ದುಡ್ಡನ್ನು ಸಂಬಳದ ವರ್ಷದಲ್ಲಿ ಒಟ್ಟಿಗೆ ತೆಗೆದರೆ ಕಾಲುಭಾಗಕ್ಕೂ ಹೆಚ್ಚು ಹೋಗುತ್ತದೆ. ಕಾಲುಭಾಗ ಹೋದರೆ ಕೋಣೆ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಕೋಣೆಯ ಯಜಮಾನರು ಏಪ್ರಿಲ್ ಎರಡನೆಯ ವಾರದೊಳಗೆ ಮುಂಗಡ ಬರದಿದ್ದರೆ ಔಷಧಿ ಅಂಗಡಿಯವರಿಗೆ ಕೊಡುತ್ತೇನೆ ಎಂದಿದ್ದರು.

ಫೆಬ್ರುವರಿಯಲ್ಲಿ ಊರಿಗೆ ಹೋಗಿ ಅಪ್ಪನಿಗೆ ಸುದ್ದಿ ಹೇಳಿದೆ. ಅವನನ್ನು ಇಲಾಖೆ ಹಿಂದಿನ ವರ್ಷವೇ ನಿವೃತ್ತಿ ಮಾಡಿತ್ತು. ಇಲಾಖೆ ಕೊಟ್ಟಿತ್ತು, ಇವನು ತೆಗೆದುಕೊಂಡಿರಲಿಲ್ಲ. ದಿನಾ ಮುಂಜಾನೆ ಗೇಟಿಗೆ ಹೋಗಿ, ಹೊಸ ಲಸ್ಕರನ ಪಕ್ಕ ಕುಳಿತು ಬರುತ್ತಿದ್ದ. ಅಂಥವನಿಗೆ ನಲವತ್ತಕ್ಕೇ ಕುರ್ಚಿ ಬಿಡುತ್ತೇನೆ ಎಂದು ಹೇಳಿದೆ.

"ಯಾರು ಬಿಡಿಸಿದ್ರು?" ಎಂದ.

"ಯಾರೂ ಇಲ್ಲ ಯಪ್ಪಾ. ನಾನ ಬಿಡಾಕತ್ತೀನಿ. ಬ್ಯಾಂಕಿನವ್ರು ರೊಕ್ಕ ಕೊಟ್ಟು ಕಳಸ್ತಾರ."

"ರೊಕ್ಕ ಕೊಟ್ಟು ಮನಿಗಿ ಕಳಸ್ತಾರಂದ್ರ ನೀ ಏನರ ತಪ್ಪು ಮಾಡೀದಿ."

ಅಷ್ಟು ಹೇಳಿ ಎದ್ದು ಹೋದ. ಅಂದು ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ. ಗೋಡೆಯ ಮೇಲೆ ನನ್ನ ಡಿಗ್ರಿ ಪ್ರಮಾಣಪತ್ರಕ್ಕೆ ಅವನೇ ಕಟ್ಟು ಹಾಕಿಸಿ ತೂಗುಹಾಕಿದ್ದ. ಅದರ ಕಡೆ ನೋಡದೆ ಎದುರಿನ ಗೋಡೆಗೆ ಮುಖ ಮಾಡಿ ಉಂಡ.

ಆದರೂ ನನಗೆ ಅವನ ಸಹಾಯ ಬೇಕಿತ್ತು. ಮಾರ್ಚ್ ಕೊನೆಗೆ ನನ್ನ ಬಿಡುಗಡೆ, ಅದರ ಮೇಲೆ ವಾರವಿಡೀ ಲೆಕ್ಕ ಒಪ್ಪಿಸುವುದು. ಶಹಾಪುರಕ್ಕೆ ಹೋಗಿಬರಲು ಬಿಡುವು ಸಿಗುವ ಭರವಸೆ ಇರಲಿಲ್ಲ. ಖಾತೆದಾರರ ಬದಲು ಬೇರೆಯವರು ಹೋಗಿ ಗುಮಾಸ್ತರ ಮುಂದೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಚೆಕ್ಕು ನನ್ನ ಹೆಸರಿಗೇ ಕೊಡುತ್ತಾರೆ. ಹಣ ತೆಗೆಯುವ ಫಾರ್ಮಿಗೆ ಸಹಿ ಹಾಕಿ ಅಪ್ಪನ ಕೈಗೆ ಕೊಟ್ಟೆ. ಮೊತ್ತದ ಜಾಗ ಖಾಲಿ, ದಿನಾಂಕದ ಜಾಗ ಖಾಲಿ. ಆ ವರ್ಷದ ಬಡ್ಡಿ ಏರಿಸಿದ ಮೇಲೆಯೇ ಮೂರನೆಯ ಒಂದು ಭಾಗ ಎಷ್ಟು ಎಂದು ತಿಳಿಯುವುದು, ಆಗ ಹೇಳಿ ಕಳಿಸಿದರಾಯಿತು ಎಂದುಕೊಂಡೆ. ಖಾಲಿ ಫಾರ್ಮಿಗೆ ಸಹಿ ಹಾಕಿದ ಎಷ್ಟು ಜನರಿಗೆ ಬ್ಯಾಂಕಿನ ಕೌಂಟರಿನಲ್ಲಿ ನಾನು ಬೈದಿದ್ದೇನೆ ಎಂದು ಯಾದಗಿರಿಯಲ್ಲಿ ಯಾರನ್ನಾದರೂ ಕೇಳಿ. ಅಕ್ಷರ ಬಾರದವರು ಹಾಗೆ ಮಾಡಿದರೆ ಅದು ತಪ್ಪು. ಬಿ.ಕಾಂ. ಆದವರು ಮಾಡಿದರೆ ಅದು ಅನುಕೂಲ.

ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದೆ, "ಯಪ್ಪಾ, ಹೊಸ ವರ್ಷ ಬಂದ ಮ್ಯಾಲ ಪೋಸ್ಟಿಗಿ ಹೋಗು. ಎಷ್ಟು ಅಂಬೂದು ಆಮ್ಯಾಲ ತಿಳಸ್ತೀನಿ."

"ಹ್ಞೂಂ" ಎಂದ. ಹಿಂದಿನ ದಿನದಿಂದ ನನ್ನ ಜೊತೆ ಅವನಾಡಿದ ಮಾತು ಅದೊಂದೇ. ಬಸ್ಸಿನ ಸದ್ದಿನಲ್ಲಿ ಕೊನೆಯ ಮಾತು ಅವನಿಗೆ ಕೇಳಿಸಿತೋ ಇಲ್ಲವೋ, ನಾನು ನೋಡಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿ ಮಾಡಿ ನನ್ನ ತಲೆಯಲ್ಲಿ ವರ್ಷ ಅನ್ನುವುದು ಏಪ್ರಿಲ್ ಒಂದಕ್ಕೆ ಹುಟ್ಟಿ ಮಾರ್ಚ್ ಮೂವತ್ತೊಂದಕ್ಕೆ ಸಾಯುತ್ತಿತ್ತು. ಬೇರೆ ಹೊಸ ವರ್ಷ ಇದೆ ಎಂಬುದೇ ನೆನಪಿರಲಿಲ್ಲ.

ಆ ವರ್ಷ ಯುಗಾದಿ ಮಾರ್ಚಿನ ಕೊನೆಯ ವಾರದಲ್ಲೇ ಬಂತು. ಯಾದಗಿರಿಯಲ್ಲಿ ನಾನಿದ್ದ ಮನೆಯ ಯಜಮಾನಿ ಈರಮ್ಮನವರು ಮುಂಜಾನೆ ದೊಡ್ಡ ಲೋಟದಲ್ಲಿ ಬೇವು ತಂದರು. ನಮ್ಮ ಕಡೆ ಅದನ್ನು ತಿನ್ನುವುದಿಲ್ಲ, ಕುಡಿಯುವುದು. ಹುಣಸೆಹುಳಿ, ಬೆಲ್ಲ, ಪುಟಾಣಿ, ಮಾವಿನಕಾಯಿ, ಮೇಲೆ ಬೇವಿನ ಹೂವು.

"ಹೊಸ ವರ್ಷ ಬಂತ ನೋಡವ್ವ. ಕುಡಿ" ಎಂದರು.

ಒಂದು ಗುಟುಕು ಕುಡಿದವಳು ಅಲ್ಲೇ ನಿಲ್ಲಿಸಿದೆ. ಲೋಟ ಅವರ ಕೈಗೇ ಕೊಟ್ಟೆ. ಹಬ್ಬದ ದಿನ ಬೇವು ಪೂರ್ತಿ ಕುಡಿಯದೆ ಬಿಟ್ಟವಳು ಎಂದು ಈರಮ್ಮನವರು ಬಹಳ ದಿನ ನೆನಪಿಟ್ಟಿದ್ದರು.

ಅಪ್ಪನಿಗೆ ಹೊಸ ವರ್ಷ ಅಂದರೆ ಇದೇ. ಇವತ್ತು ಹಬ್ಬ, ಅಂಚೆ ಕಚೇರಿಯ ಬಾಗಿಲು ಮುಚ್ಚಿರುತ್ತದೆ. ನಾಳೆ ತೆರೆಯುತ್ತದೆ. ನಾಳೆ ಇನ್ನೂ ಮಾರ್ಚ್. ಹೇಳಿದ ದಿನ ಹೇಳಿದ ಕೆಲಸ ಮಾಡದ ಮನುಷ್ಯನಲ್ಲ ಅವನು. ಹೋಗುತ್ತಾನೆ, ಫಾರ್ಮು ಕೊಡುತ್ತಾನೆ. ಎಷ್ಟು ಕಾಕಾ ಎಂದು ಗುಮಾಸ್ತರು ಕೇಳುತ್ತಾರೆ. ಮಗಳ ಮೇಲೆ ಸಿಟ್ಟಾದ ತಂದೆ ಏನನ್ನುತ್ತಾನೆ? ಇದ್ದಷ್ಟೂ ಕೊಡಿ ಅನ್ನುತ್ತಾನೆ. ಹೆಬ್ಬೆಟ್ಟು ಒತ್ತುತ್ತಾನೆ. ಹನ್ನೆರಡು ತಿಂಗಳ ಸಂಬಳದ ಮೇಲೆ ಇಷ್ಟು ವರ್ಷದ ಉಳಿತಾಯ ಬಂದು ಕೂರುತ್ತದೆ. ಒಮ್ಮೆ ತೆಗೆದದ್ದನ್ನು ವಾಪಸು ಇಟ್ಟುಕೊಳ್ಳಿ ಅನ್ನುವ ಫಾರ್ಮು ಯಾವ ಅಂಚೆ ಕಚೇರಿಯಲ್ಲೂ ಇಲ್ಲ.

ಆಗಲೇ ಬಸ್ಸು ಹತ್ತಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನ್ನ ಸೆರಗಿನ ಗಂಟಿನಲ್ಲಿ ಬ್ಯಾಂಕಿನ ತಿಜೋರಿಯ ಕೀಲಿ ಇತ್ತು. ತಿಜೋರಿಗೆ ಎರಡು ಕೀಲಿ, ಒಂದು ಮ್ಯಾನೇಜರರದು, ಒಂದು ನನ್ನದು. ಬರೆದು ಒಪ್ಪಿಸದೆ ಕೀಲಿ ಊರು ಬಿಡುವಂತಿಲ್ಲ. ಮಾರ್ಚ್ ಕೊನೆ ಎಂದು ಹಬ್ಬದ ದಿನವೂ ಕೆಲಸಕ್ಕೆ ಕರೆದಿದ್ದರು. ಮ್ಯಾನೇಜರರ ಹತ್ತಿರ ನಾಳೆ ಅರ್ಧ ದಿನ ರಜೆ ಕೇಳಿದೆ. ಹೊರಗೆ ಹೋಗುವವರು ಹೋಗುವ ಮೊದಲೇ ಹೋದಂತೆ ಆಡಬಾರದು ಎಂದರು. ಆಮೇಲೆ, ಮುಂಜಾನೆ ಒಂಬತ್ತಕ್ಕೆ ಬಂದು ಕೀಲಿ ಒಪ್ಪಿಸಿ ಹೋಗಿ ಎಂದರು.

ಫೋನಿನ ಅಂಗಡಿಗೆ ಹೋಗಿ ಅಂಚೆ ಕಚೇರಿಗೆ ಮಾಡಿದೆ. ಹಬ್ಬದ ದಿನ ಗಂಟೆ ಬಾರಿಸಿಕೊಂಡೇ ಇತ್ತು. ನೀರಾವರಿ ಕ್ಯಾಂಪಿಗೆ ಮಾಡಿದೆ. ಅಲ್ಲಿಂದ ಗೇಟುಗಳಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಯಾರೋ ಎತ್ತಿದರು. ಗೇಟ್ ಸಾಬಣ್ಣನಿಗೆ ಪೋಸ್ಟಿಗೆ ಹೋಗಬೇಡ ಎಂದು ಹೇಳಿ ಕಳಿಸಿ ಎಂದು ಕೇಳಿಕೊಂಡೆ.

"ವೈರ್‌ಲೆಸ್ ಮ್ಯಾಲ ನೀರಿಂದು ಬಿಟ್ಟು ಮನಿ ಸುದ್ದಿ ಹೇಳಾಂಗಿಲ್ರಿ ಬಾಯಾರ. ಸಾಬಣ್ಣನ ಹೇಳ್ಯಾನ ನಮಗ" ಎಂದರು.

ಇಡೀ ಕೆನಾಲಿಗೆ ಅವನು ತನ್ನ ಗುಣ ಕಲಿಸಿಟ್ಟಿದ್ದ.

ಮರುದಿನ ಕೀಲಿ ತೆಗೆದುಕೊಳ್ಳಬೇಕಾದ ಗುಮಾಸ್ತರು ಹೋಳಿಗೆಯ ನಿದ್ದೆಯಲ್ಲೇ ಬಂದರು. ತಿಜೋರಿಯ ಕಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ನನ್ನ ಕಾಲು ಬಾಗಿಲ ಕಡೆ, ಕಣ್ಣು ಗಡಿಯಾರದ ಕಡೆ. ಒಂಬತ್ತೂವರೆಗೆ ಬಿಟ್ಟರು. ಶಹಾಪುರದ ಬಸ್ಸು ಸಿಕ್ಕಿತು. ಭೀಮಾ ಬ್ರಿಜ್ಜಿನ ಮೇಲೆ ಮೆಣಸಿನಕಾಯಿ ಹೇರಿದ ಬಂಡಿಗಳ ಸಾಲು, ಬಸ್ಸು ಅವುಗಳ ಹಿಂದೆ ಎತ್ತಿನ ಹೆಜ್ಜೆ ಹಾಕಿತು. ದೋರನಹಳ್ಳಿಯಲ್ಲಿ ಕಂಡಕ್ಟರು ಚಹಾಕ್ಕೆ ಇಳಿದರು. ಹಬ್ಬದ ಮರುದಿನ ಎಂದು ಅಂಗಡಿಯವರು ಪುಕ್ಕಟೆ ಕೊಟ್ಟರಂತೆ, ಎರಡು ಕಪ್ಪು ಕುಡಿದರು. ನಾನು ಟಿಕೆಟಿನ ಹಿಂದೆ ಲೆಕ್ಕ ಹಾಕುತ್ತಿದ್ದೆ. ಸಂಬಳ ಇಷ್ಟು, ಉಳಿತಾಯ ಅಷ್ಟು, ಕೂಡಿಸಿದರೆ ತೆರಿಗೆ ಇಷ್ಟು. ತಪ್ಪಿರಬಹುದೆಂದು ಮತ್ತೆ ಹಾಕಿದೆ. ಕೂಡಿಸುವುದರಲ್ಲಿ ನನಗೆ ಎಂದೂ ತಪ್ಪಾಗುವುದಿಲ್ಲ, ಅಂದು ಮಾತ್ರ ಆಗಲಿ ಎಂದು ಬೇಡಿಕೊಂಡೆ. ಆಗಲಿಲ್ಲ. ಬೆಂಚು ಹೋಯಿತು, ಮಷೀನು ಹೋಯಿತು, ಕಂಪ್ಯೂಟರಿನ ಮಾತೇ ಇಲ್ಲ. ಕಿಟಕಿಯಲ್ಲಿ ಮಲಗಿದ ಬುದ್ಧನ ಗುಡ್ಡ ಕಂಡಿತು. ಅಷ್ಟು ನೆಮ್ಮದಿಯಾಗಿ ಮಲಗಿದವರನ್ನು ಕಂಡರೆ ಆ ಹೊತ್ತಿಗೆ ಸಿಟ್ಟು ಬಂತು.

ಅಂಚೆ ಕಚೇರಿ ಮುಟ್ಟಿದಾಗ ಹನ್ನೊಂದೂಕಾಲು. ಅಪ್ಪ ಮೆಟ್ಟಿಲು ಇಳಿಯುತ್ತಿದ್ದ. ಹಬ್ಬದ ಒಗೆದ ಧೋತರ, ಹೊಸ ರುಮಾಲು. ಎಡಗೈಯ ಹೆಬ್ಬೆರಳನ್ನು ಗೋಡೆಗೆ ಒರೆಸುತ್ತಿದ್ದ. ಬೆರಳು ನೀಲಿಯಾಗಿತ್ತು.

"ಯಪ್ಪಾ, ಒತ್ತೀದೇನು?" ಎಂದೆ.

"ಏನು?"

"ಹೆಬ್ಬೆಟ್ಟು."

"ಹ್ಞೂಂ. ಒತ್ತೀನಿ."

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಾಲಿನಲ್ಲಿ ನಿಂತಿದ್ದ ಪಿಂಚಣಿಯ ಮುದುಕರೊಬ್ಬರು ನೀರು ಬೇಕೇನು ಎಂದರು. ಬೇಡ ಎಂದು ಕೈ ಆಡಿಸಿದೆ.

"ಎಷ್ಟು ಬರಸೀದಿ?"

"ಎದರಾಗ?"

"ಫಾರ್ಮಿನಾಗ, ಯಪ್ಪಾ."

ಅಪ್ಪ ಅಂಗಿಯ ಜೇಬಿಗೆ ಹಾಕಿದ್ದ ಪಿನ್ನು ಬಿಚ್ಚಿದ. ಮೊದಲು ಬೀಡಿಕಟ್ಟು ತೆಗೆದು ಎಡಗೈಗೆ ಇಟ್ಟುಕೊಂಡ. ಆಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಫಾರ್ಮು ತೆಗೆದ. ಅದನ್ನು ನನ್ನ ಮುಂದೆ ಬಿಡಿಸಿ ಹಿಡಿದ, ಆದರೆ ಕೈಬಿಡಲಿಲ್ಲ. ನನ್ನ ಸಹಿ ಇತ್ತು. ಮೊತ್ತದ ಜಾಗ ಖಾಲಿ, ದಿನಾಂಕದ ಜಾಗ ಖಾಲಿ, ಹೆಬ್ಬೆಟ್ಟಿನ ಜಾಗವೂ ಖಾಲಿ.

"ಎಷ್ಟು ಅಂತ ನೀ ಎಲ್ಲಿ ಚೀಟಿ ಕಳಿಸೀದಿ?" ಎಂದ. "ಚೀಟಿ ಇಲ್ದ ಗೇಟ್ ಹ್ಯಾಂಗ ಎತ್ತೂದು?"

ಒಳಗಿನಿಂದ ಗುಮಾಸ್ತರು, ಖಾಜಾ ಸಾಹೇಬರು, ಕೌಂಟರಿನ ಕಿಂಡಿಯಲ್ಲಿ ಮುಖ ಹಾಕಿದರು. ನನಗೆ ಅವರ ಪರಿಚಯ ಖಾತೆ ತೆಗೆದ ದಿನದಿಂದ.

"ಬಾಗಲಾ ತೆಗಿಯೂದ್ರಾಗ ಬಂದು ಕುಂತಾರ್ರಿ ಮೇಡಂ. ಕೊಡ್ರಿ ಕಾಕಾ, ಇದ್ದಷ್ಟೂ ತೆಗದು ಕೊಡ್ತೀನಿ ಅಂದೆ. ಕೊಡವಲ್ರು. ಹಂಗಾದ್ರ ಯಾಕ ಬಂದೀರಿ ಅಂದ್ರ, ಹೊಸ ವರ್ಷ ಬಂದದ, ಬಾ ಅಂದಾಳ, ಬಂದೀನಿ, ಚೀಟಿ ಬರೋತನಕ ದಿನಾ ಬರ್ತೀನಿ ಅಂತಾರ. ದಿನಾ ಬಂದ್ರ ನನ್ನ ನೌಕರಿ ಹ್ಯಾಂಗ್ರಿ?"

ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಸ್ವಲ್ಪ ಸ್ವಲ್ಪ ಮಾಡಿದೆ. ಫಾರ್ಮು ಕೊಡು ಎಂದು ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ನನ್ನ ಫಾರ್ಮು, ನನ್ನ ಸಹಿ, ನನ್ನ ದುಡ್ಡು. ಆದರೂ ಚೀಟಿ ಬೇಕು.

ಬಸ್ಸಿನ ಟಿಕೆಟಿನಲ್ಲಿ ತೆರಿಗೆಯ ಲೆಕ್ಕದಿಂದ ಉಳಿದ ಮೂಲೆಯಲ್ಲಿ, ಒಂದನೆಯ ತಾರೀಖು ಭಾನುವಾರವೆಂದು ಒಂದು ದಿನ ಬಿಟ್ಟು, ಬರೆದೆ: "ಏಪ್ರಿಲ್ ಎರಡರಿಂದ. ಮೂರರಲ್ಲಿ ಒಂದು ಭಾಗ ಮಾತ್ರ." ಅಪ್ಪ ಅದನ್ನು ಮೊದಲು ಖಾಜಾ ಸಾಹೇಬರಿಗೆ ಕೊಟ್ಟು ಓದಿಸಿದ. ನಂತರ ಪಿಂಚಣಿಯ ಮುದುಕರಿಗೆ ಕೊಟ್ಟು ಓದಿಸಿದ. ಎರಡೂ ಓದು ಕೂಡಿದವು. ಆಗ ಟಿಕೆಟನ್ನು ಮಡಚಿ ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡ. ಅಷ್ಟು ಹೊತ್ತು ನಾನು ಬಿ.ಕಾಂ. ಆಗಿ ಅಲ್ಲೇ ನಿಂತಿದ್ದೆ. ಬೆರಳಿನ ನೀಲಿ ಎಲ್ಲಿಯದು ಎಂದು ಕೇಳಲು ಮರೆತೇಹೋಯಿತು.

ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆವು. ಹೊಸ ವರ್ಷ ಏಪ್ರಿಲ್ ಒಂದಕ್ಕೆ ಎಂದು ಹೇಳಿದೆ. ಅದು ಯಾರದು ಎಂದ. ಸರ್ಕಾರದ್ದು ಎಂದೆ. ಸರ್ಕಾರದ ಹೊಸ ವರ್ಷ ಕೆನಾಲಿಗೆ ನೀರು ಬಿಟ್ಟ ದಿನ, ಅದು ಮಳೆಗಾಲದಲ್ಲಿ, ನಾನು ಸರ್ಕಾರದಲ್ಲಿ ನೌಕರಿ ಮಾಡಿದವನು, ನನಗೆ ಹೇಳುತ್ತೀಯಾ ಎಂದ. ಮೂರು ಹೊಸ ವರ್ಷಗಳಲ್ಲಿ ಅವನು ಅದನ್ನು ಹಿಡಿದಿದ್ದರೆ ಜುಲೈವರೆಗೆ ಕಾಯುತ್ತಿದ್ದ, ಕೋಣೆ ಔಷಧಿ ಅಂಗಡಿಯಾಗುತ್ತಿತ್ತು.

ಮೂರು ಭಾಗ ಯಾಕೆ ಎಂದು ಅವನೇ ಕೇಳಿದ. ಹೇಳಿದೆ. ಮೆಟ್ಟಿಲು, ಸಂಬಳ, ಮಿತಿ ಎಲ್ಲ ಹೇಳಿದೆ. ಒಮ್ಮೆಗೇ ಪೂರಾ ಎತ್ತಿದರೆ ನೀರು ಹೊಲಕ್ಕೆ ಹೋಗುವುದಿಲ್ಲ, ಹಳ್ಳಕ್ಕೆ ಹೋಗುತ್ತದೆ, ಅಷ್ಟೇ ತಾನೇ ಎಂದ. ನಾನು ತಿಂಗಳುಗಟ್ಟಲೆ ಪುಸ್ತಕ ಓದಿ ತಿಳಿದದ್ದು ಅಷ್ಟೇ. ನನಗೆ ಖುಷಿಯಾಗುವಷ್ಟರಲ್ಲಿ ಇನ್ನೊಂದು ಮಾತು ಕೇಳಿದ.

"ಹಳ್ಳಕ್ಕ ಹೋದ ನೀರು ಯಾರದು? ಮುಂದಿನ ಊರಾಗ ಅದನ್ನ ಕುಡೀತಾರ. ನೀ ಕೊಡಲಿಲ್ಲಂದ್ರ, ಅವರು ಕೊಡಲಿಲ್ಲಂದ್ರ, ಈ ಕೆನಾಲ್ ಯಾರ ರೊಕ್ಕದಾಗ ಆತವ್ವ?"

ಕಾನೂನೇ ಪಾಳಿ ಹಚ್ಚಿ ಕೊಟ್ಟಿದೆ, ನಾನು ನನ್ನ ಪಾಳಿಯಲ್ಲಿ ತೆಗೆಯುತ್ತೇನೆ, ಕದಿಯುವುದಿಲ್ಲ ಎಂದೆ. ಪಾಳಿ ಎಂಬ ಮಾತು ಅವನಿಗೆ ಹಿಡಿಸಿತು. ತಲೆ ಆಡಿಸಿದ. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿದಿದೆ ಎಂದು ನಾನು ಹೇಳುವುದಿಲ್ಲ. ಕ್ಲಾಸಿನಲ್ಲಿ ತೆರಿಗೆಯ ಪಾಠ ಮಾಡುವಾಗ ಈಗಲೂ ಆ ಜಾಗಕ್ಕೆ ಬಂದರೆ ಚಾಕ್‌ಪೀಸು ಸ್ವಲ್ಪ ನಿಲ್ಲುತ್ತದೆ.

ನಿವೃತ್ತಿಯ ಬಗ್ಗೆ ಮಾತ್ರ ಅವನು ಅಂದೂ ಬಾಯಿ ಬಿಡಲಿಲ್ಲ. ನನ್ನನ್ನು ಬಸ್ಸಿಗೆ ಹತ್ತಿಸಿ, ಚೀಟಿ ಇರುವ ರುಮಾಲು ಮುಟ್ಟಿ ನೋಡಿಕೊಂಡು ಹೋದ.

ಏಪ್ರಿಲ್ ಎರಡರಂದು ಅವನು ಹೋದ. ಆದಾಯ ಮಿತಿಯೊಳಗಿದೆ, ತೆರಿಗೆ ಕಡಿಯಬೇಡಿ ಎಂಬ ನನ್ನ ಘೋಷಣೆಯ ಕಾಗದವನ್ನೂ ಕೊಟ್ಟ, ಚೆಕ್ಕು ತಂದ. ಕೋಣೆ ಸಿಕ್ಕಿತು. ಮುಂದಿನ ಎರಡು ವರ್ಷ ನಾನೇ ಹೋಗಬಹುದಿತ್ತು, ಸುರಪುರದಿಂದ ಶಹಾಪುರ ದೂರವೇನಲ್ಲ. ಆದರೆ ಏಪ್ರಿಲ್ ಬರುವ ಮೊದಲೇ ವನದುರ್ಗದಿಂದ ಬರುವವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದ, ಚೀಟಿ ಎಲ್ಲಿ ಎಂದು. ಬರೆದು ಕಳಿಸುತ್ತಿದ್ದೆ. ಎರಡನೆಯ ಭಾಗದಲ್ಲಿ ಟೈಪ್ ಮಷೀನುಗಳು ಬಂದವು. ಮೂರನೆಯದರಲ್ಲಿ ಯಾರೋ ಬಳಸಿ ಬಿಟ್ಟ ಎರಡು ಕಂಪ್ಯೂಟರ್. ತೆರಿಗೆ ಒಂದು ರೂಪಾಯಿ ಹೋಗಲಿಲ್ಲ. ಈ ಮೂರು ವರ್ಷದಲ್ಲಿ ಅಪ್ಪ ಮಾತ್ರ ನನ್ನ ಕ್ಲಾಸಿನ ಕಡೆ ತಲೆ ಹಾಕಲಿಲ್ಲ. ಕರೆದರೆ, ಗೇಟು ಯಾರು ನೋಡುತ್ತಾರೆ ಅನ್ನುತ್ತಿದ್ದ.

ಮೂರನೆಯ ಚೆಕ್ಕಿನ ನಂತರ ಖಾತೆ ಮುಗಿಯಿತು. ಆ ಬೇಸಿಗೆ ಒಂದು ಮಧ್ಯಾಹ್ನ ಕ್ಲಾಸು ನಡೆಯುವಾಗ ಬಾಗಿಲಲ್ಲಿ ಅಪ್ಪ ಬಂದು ನಿಂತ. ಮೇಲೆ ಬೋರ್ಡು ನೋಡಿದ. ಓದಲು ಬಾರದಿದ್ದರೂ ಕೊನೆಯ ಎರಡು ಅಕ್ಷರ ಅವನಿಗೆ ಗುರುತು, ಮನೆಯ ಗೋಡೆಯ ಮೇಲೆ ನೋಡಿ ನೋಡಿ. ಒಳಗೆ ಹುಡುಗಿಯರು ಎದ್ದು ನಿಂತು ನಮಸ್ಕಾರ ಮಾಡಿದರು. ಅವನು ಗಾಬರಿಯಾಗಿ ಕುಂಡ್ರಿ ಕುಂಡ್ರಿ ಎಂದ. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಮುಗಿಯುವವರೆಗೆ ಕೇಳಿದ. ಆಮೇಲೆ ನನ್ನ ಮೇಜಿಗೆ ಬಂದು ದಾರ ಕಟ್ಟಿದ ಕಾಗದದ ಸಣ್ಣ ಕಟ್ಟೊಂದನ್ನು ಇಟ್ಟ.

"ಗೇಟ್ ಬಂದ್ ಆತು. ಇವು ರೆಕಾರ್ಡು. ತಗದು ಇಡು" ಎಂದ.

ಮೂರು ಚೀಟಿ ಎಂದುಕೊಂಡು ಬಿಚ್ಚಿದೆ. ನಾಲ್ಕು ಕಾಗದ ಇದ್ದವು. ಎರಡು ನಾನು ಬರೆದು ಕಳಿಸಿದವು. ಒಂದು ಆ ಬಸ್ಸಿನ ಟಿಕೆಟು. ನಾಲ್ಕನೆಯದು ಅಂಚೆ ಕಚೇರಿಯ ಯಾವುದೋ ಫಾರ್ಮಿನ ಹಿಂಬದಿ, ಖಾಜಾ ಸಾಹೇಬರ ವಾಲಿದ ಅಕ್ಷರ, ಕೆಳಗೆ ನೀಲಿ ಹೆಬ್ಬೆಟ್ಟು.

"ಇಂದು ನನ್ನ ಮಗಳು ಶರಣಮ್ಮ ಬಿ.ಕಾಂ. ಇವರ ಚೀಟಿ ಬಂದಿಲ್ಲ. ಗೇಟು ಎತ್ತಿಲ್ಲ. ಸಾಬಣ್ಣ, ಲಸ್ಕರ್, ವನದುರ್ಗ."

ದಿನಾಂಕ ಬರೆಯುವ ಜಾಗದಲ್ಲಿ ಅಪ್ಪ ಹೇಳಿ ಬರೆಸಿದ್ದು: ಹೊಸ ವರ್ಷದ ಎರಡನೆಯ ದಿನ.

ಯಾವುದು ಎಂದು ನಾನು ಕೇಳಲಿಲ್ಲ.